ಮೇಲಿನ ಮನೆಯ ರೊಟ್ಟಿ ಸಪ್ಪಳ

ನಾನು ಬಡಿದ ಜೋಳದ ರೊಟ್ಟಿಯ ಸಪ್ಪಳವನ್ನು ಮೆಕ್ಸಿಕೋದ ಜನ ಟಿಕೆಟ್ ಕೊಂಡು ಕೇಳಿದ್ದಾರೆ. ಈ ಸಂಗತಿಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ ಎಂದು ನನ್ನ ಗಂಡ ಗೊಣಗುತ್ತಾರೆ. ಹೇಳಿಕೊಳ್ಳದೆ ಏನು ಮಾಡಲಿ? ಜಪಾನಿನಲ್ಲಿ, ಟೋಕಿಯೋ ಪಕ್ಕದ ಉರಯಾಸುವಿನ ಫ್ಲ್ಯಾಟೊಂದರಲ್ಲಿ ವರ್ಷಗಟ್ಟಲೆ ಕಳ್ಳಿಯ ಹಾಗೆ ಸದ್ದಿಲ್ಲದೆ ರೊಟ್ಟಿ ಮಾಡಿದವಳು ನಾನು. ಜಂಬ ಕೊಚ್ಚಿಕೊಳ್ಳುವ ಹಕ್ಕನ್ನು ಸಂಪಾದಿಸಿದ್ದೇನೆ.

ನಾನು ಬಾಗಲಕೋಟೆ ಕಡೆಯವಳು. ನಮ್ಮ ಮನೆಯಲ್ಲಿ ಅವ್ವ, ಚಿಗವ್ವ ಮತ್ತು ಪಕ್ಕದ ಮನೆಯಾಕೆ ಒಟ್ಟಿಗೆ ಕೂತು ಖಡಕ್ ರೊಟ್ಟಿ ಬಡಿಯುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಮಣೆ. ಓಣಿಯ ಅಷ್ಟೂ ಸುದ್ದಿ ಅಲ್ಲಿ ಹಿಟ್ಟಿನ ಜೊತೆಗೇ ನಾದಲ್ಪಡುತ್ತಿತ್ತು. ಯಾರ ಮಗಳು ಯಾಕೆ ತವರಿಗೆ ಬಂದಿದ್ದಾಳೆ, ಯಾವ ಮೇಷ್ಟರು ಯಾರ ಕೂಡ ಜಗಳವಾಡಿದರು, ಎಲ್ಲ. ಸಪ್ಪಳದ ಮೇಲೆ ಮಾತು ಕೇಳಬೇಕಾದ್ದರಿಂದ ಮೂವರ ದನಿಯೂ ದೊಡ್ಡದು. ಈಗಲೂ ನನ್ನ ದನಿ ಹಾಗೇ ಇದೆ, ಫೋನೇ ಬೇಡ ಎನ್ನುವಷ್ಟು.

ಮದುವೆಯಾದದ್ದು ಮಂಡ್ಯ ಕಡೆಯ ಎಂಜಿನಿಯರನ್ನು. ಅವರಿಗೆ ಮುದ್ದೆಯೇ ಪರಬ್ರಹ್ಮ. ಬೆಂಗಳೂರಿನಲ್ಲಿದ್ದಾಗ ನಾನು ರೊಟ್ಟಿಗೆ ಕೂತರೆ ಅವರು ಕಿವಿಗೆ ಬೆರಳಿಟ್ಟುಕೊಂಡು ಬಂದು ನಿಲ್ಲುತ್ತಿದ್ದರು. "ನಮ್ ಮುದ್ದೆ ನೋಡು, ಸೌಂಡೇ ಇಲ್ಲ. ಎಷ್ಟು ಡೀಸೆಂಟ್ ಊಟ!" ಎಂದು ರೇಗಿಸುತ್ತಿದ್ದರು. ನುಂಗುವ ಊಟಕ್ಕೆ ಸದ್ದು ಎಲ್ಲಿಂದ ಬರಬೇಕು ಎಂದು ನಾನೂ ಬಿಡುತ್ತಿರಲಿಲ್ಲ.

ಅವರಿಗೆ ಟೋಕಿಯೋದ ಮಿನಾಟೋದಲ್ಲಿ ಕೆಲಸ ಸಿಕ್ಕಿ ನಾವು ಉರಯಾಸುವಿಗೆ ಬಂದಾಗ ನನ್ನ ಬೇವಿನ ಮಣೆಯೂ ಸೂಟ್‌ಕೇಸಿನಲ್ಲಿ ಬಂತು. ಹೊಸ ಮನೆಗೆ ಹೋದವರು ಅಕ್ಕಪಕ್ಕದವರಿಗೆ, ಮೇಲೆ ಕೆಳಗಿನವರಿಗೆ ಒಂದೊಂದು ಟವೆಲ್ ಕೊಡಬೇಕು, "ಇನ್ನು ಮುಂದೆ ನಮ್ಮಿಂದ ತೊಂದರೆಯಾದೀತು, ಸಹಿಸಿಕೊಳ್ಳಿ" ಎಂದು ಬಗ್ಗಬೇಕು ಎಂದು ಅವರ ಆಫೀಸಿನವರೊಬ್ಬರು ಹೇಳಿಕೊಟ್ಟಿದ್ದರು. ಚೆಂದದ ಪದ್ಧತಿ ಎನ್ನಿಸಿತು. ಗುಲಾಬಿ ಕಾಗದ ಸುತ್ತಿದ ಟವೆಲ್‌ಗಳನ್ನು ಹಂಚಿ ಬಂದೆವು. ಒಂದು ಉಳಿಯಿತು.

ಅಡುಗೆಮನೆಯ ಕಟ್ಟೆ ನನ್ನ ಮಣೆಗೆ ಸಾಲುತ್ತಿರಲಿಲ್ಲ. ಹಾಗಾಗಿ ನೆಲದ ಮೇಲೆ ಕೂತು, ಪಕ್ಕದಲ್ಲಿ ಗ್ಯಾಸಿನ ಚಿಕ್ಕ ಡಬ್ಬಿ ಹಾಕಿ ಹಚ್ಚುವ ಕ್ಯಾಸೆಟ್ ಒಲೆ ಇಟ್ಟುಕೊಂಡು, ಬೆಳಿಗ್ಗೆ ಬೆಳಿಗ್ಗೆ ರೊಟ್ಟಿ ಬಡಿಯತೊಡಗಿದೆ. ಒಂದು ದಿನ ಲಿಫ್ಟಿನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ಸಿಕ್ಕರು. ಒಂಟಿ ಜೀವ, ಸದಾ ಇಸ್ತ್ರಿ ಮಾಡಿದ ಕಾಲರು. "ಬೆಳಗಾದರೆ ನಿಮ್ಮ ಮನೆಯಲ್ಲಿ ಎಷ್ಟು ಉತ್ಸಾಹ! ದಿನಾ ವ್ಯಾಯಾಮ ಮಾಡುತ್ತೀರಾ?" ಎಂದು ಕೇಳಿದರು. ನನ್ನ ಅರೆಬರೆ ಜಪಾನಿಯಲ್ಲಿ ನಾನು ಖುಷಿಯಿಂದ "ಹೌದು, ಹೌದು, ದಿನಾ! ಅರಿಗಾತೋ!" ಎಂದು ಧನ್ಯವಾದವನ್ನೂ ಹೇಳಿದೆ. ಹೊಗಳಿಕೆಗೆ ಉಬ್ಬಿ ಮರುದಿನ ಇನ್ನೂ ಜೋರಾಗಿ ಬಡಿದೆ.

ಲಿಫ್ಟಿನಲ್ಲಿ ನನ್ನ ಜೊತೆಗಿದ್ದ, ಆಗಿನ್ನೂ ಪ್ರೈಮರಿ ಶಾಲೆಯ ಮಗಳು ನನ್ನ ಮುಖವನ್ನೇ ನೋಡಿ, "ಅಮ್ಮಾ, ದಟ್ ವಾಸ್ ನಾಟ್ ಎ ಕಾಂಪ್ಲಿಮೆಂಟ್," ಎಂದಳು. ಆ ವಾರವೇ ಕಟ್ಟಡದ ಮೇಲ್ವಿಚಾರಕ ಬಂದ. ಯಾರು ದೂರಿದರು ಎಂದು ಹೇಳಲಿಲ್ಲ, ಇಲ್ಲಿ ಹೇಳುವುದೂ ಇಲ್ಲ. ಬೆಳಗಿನ ಸದ್ದು ಎಂದಷ್ಟೇ ಹೇಳಿ ಹತ್ತು ಸಲ ಬಗ್ಗಿ ಹೋದ. ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳದೆ ಕೆಳಗಿನ ಮನೆಗೆ ಹೋಗಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಂದರು. ಬಂದವರೇ ಉಳಿದಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ ನನ್ನ ಮಣೆಯ ಕೆಳಗಿಟ್ಟರು. "ಪ್ರಾಬ್ಲಂ ಸಾಲ್ವ್ಡ್" ಎಂದರು. ಎಂಜಿನಿಯರ್ ಅಲ್ಲವೇ.

ಹೊಸ ಊರು, ಹೊಸ ಭಾಷೆ, ನಮ್ಮದೇ ತಪ್ಪಿರಬೇಕು ಎಂದುಕೊಂಡೆ. ಬರಬರುತ್ತ ಕೈ ಹಗುರಾಯಿತು. ಬೆರಳ ತುದಿಯಿಂದ ಒತ್ತಿ ಒತ್ತಿ ರೊಟ್ಟಿ ಅಗಲ ಮಾಡುವುದು ರೂಢಿಯಾಯಿತು. ರೊಟ್ಟಿ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಬಡಿಯುವಾಗ ಒಂದು ಮಾತಿಲ್ಲ, ಸಪ್ಪಳವಿಲ್ಲ. ಹೀಗೇ ವರ್ಷಗಳು ಕಳೆದವು, ಮಗಳು ಹೈಸ್ಕೂಲಿಗೆ ಬಂದಳು.

ಹೀಗಿರುವಾಗ ಕನ್ನಡ ರಾಜ್ಯೋತ್ಸವದ ಊಟಕ್ಕೆ ನಾನು ಸಮುದಾಯ ಭವನದಲ್ಲಿ ಕೂತು ಬಿಸಿ ರೊಟ್ಟಿ ಮಾಡಿಕೊಟ್ಟೆ. ಗೆಳತಿಯೊಬ್ಬಳು ನನ್ನ ಕೈಗಳ ವಿಡಿಯೋ ತೆಗೆದು, ಮೇಲೆ ಒಂದು ಸಿನಿಮಾ ಹಾಡು ಹಾಕಿ, ಎಲ್ಲೆಡೆ ಹಂಚಿದಳು. ಸ್ವಲ್ಪ ದಿನಕ್ಕೆ ಒಬ್ಬ ಜಪಾನಿ ಯುವತಿಯಿಂದ ಫೋನು. ಇಂಗ್ಲಿಷಿನಲ್ಲಿ ಮೆತ್ತಗೆ, ತಾನು ಮೆಕ್ಸಿಕೋದ ಒಬ್ಬ ಸಿನಿಮಾ ನಿರ್ದೇಶಕಿಗೆ ಇಲ್ಲಿ ದುಭಾಷಿ, ಅವರು ನಿಮ್ಮ ಕೈಗಳನ್ನು ನೋಡಬೇಕಂತೆ ಎಂದಳು.

"ಸ್ಕ್ಯಾಮ್ ಇರ್ಬೇಕು," ಎಂದರು ನನ್ನ ಗಂಡ.

"ಕೈ ನೋಡಿ ಏನ್ ಕದೀತಾರ್ರೀ? ಬಳೆ ತೆಗೆದಿಟ್ಟೇ ಹೋಗ್ತೀನಿ."

ಮಿನಾಟೋದ ಒಂದು ಕಾಫಿ ಅಂಗಡಿಯಲ್ಲಿ ಭೇಟಿ. ನಿರ್ದೇಶಕಿ ನನ್ನ ವಯಸ್ಸಿನವರೇ. ಗುಂಗುರು ಕೂದಲು, ಗಂಡಸರ ಅಂಗಿ, ಕುತ್ತಿಗೆಯಲ್ಲಿ ಸದಾ ತೂಗಾಡುವ ಹೆಡ್‌ಫೋನು. ಜಪಾನಿ ತಂಡದವರು ಅವರನ್ನು ಹೆಸರು ಹಿಡಿದು ಕರೆಯದೆ "ಕಾಂತೋಕು" ಎನ್ನುತ್ತಿದ್ದರು, ನಿರ್ದೇಶಕರು ಎಂದರ್ಥ. ನಾನೂ ಹಾಗೇ ಕರೆದೆ. ಅವರು ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಮಾತಾಡಿದರು, ದುಭಾಷಿ ಹುಡುಗಿ ತಿಳಿಸಿದಳು.

ಅವರ ಅಜ್ಜಿ ಮೆಕ್ಕೆಜೋಳದ ಹಿಟ್ಟನ್ನು ಎರಡೂ ಅಂಗೈಗಳ ನಡುವೆ ತಟ್ಟಿ ತಟ್ಟಿ ರೊಟ್ಟಿ ಮಾಡುತ್ತಿದ್ದರಂತೆ. ಅಮ್ಮನ ಕಾಲಕ್ಕೆ ಒತ್ತುವ ಯಂತ್ರ ಬಂತು. "ಆ ಸದ್ದು ನಿಂತ ದಿನ ಯಾವುದು ಎಂದು ನನಗೆ ನೆನಪಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅದೇ ನನಗೆ ಸಂಕಟ," ಎಂದರು. ಮುಂದೊಮ್ಮೆ ಭಾರತಕ್ಕೆ ಬಂದಿದ್ದಾಗ, ಹುಬ್ಬಳ್ಳಿಯೋ ಸೊಲ್ಲಾಪುರವೋ ಊರು ನೆನಪಿಲ್ಲ, ಯಾವುದೋ ಬೀದಿಯಲ್ಲಿ ಮುಚ್ಚಿದ ಬಾಗಿಲ ಹಿಂದೆ ಒಂದು ಸದ್ದು ಕೇಳಿ ಅಜ್ಜಿ ಎಂದುಕೊಂಡು ನಿಂತೇಬಿಟ್ಟರಂತೆ. ಈಗ ಮಾಡುತ್ತಿರುವ ಸಿನಿಮಾ ಹುಟ್ಟಿದ್ದು ಆ ಬಾಗಿಲ ಮುಂದೆ.

ಕಥೆ ಸರಳ. ಗಂಡನ ಹಿಂದೆ ಜಪಾನಿಗೆ ಬಂದ ಒಬ್ಬ ಮೆಕ್ಸಿಕೋ ಹೆಂಗಸು. ಒಂಟಿತನದಲ್ಲಿ ಮಾತೇ ಬಿಟ್ಟಿರುತ್ತಾಳೆ. ಒಂದು ದಿನ ಮೇಲಿನ ಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತದೆ. ತನ್ನ ಅಜ್ಜಿಯದೇ ಎಂದುಕೊಂಡು ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆಗೆಯುವವಳು ನಾನು, ಹಿಟ್ಟಿನ ಕೈಯ ಭಾರತೀಯ ನೆರೆಯವಳು.

"ಆದರೆ ನಮ್ಮದು ಮಣೆಯ ಮೇಲೆ, ನಿಮ್ಮದು ಕೈಯಲ್ಲಿ. ಸಪ್ಪಳ ಬೇರೆ," ಎಂದೆ ನಾನು, ಸುಳ್ಳು ಹೇಳಬಾರದು ಎಂದು.

"ಒಂಟಿಯಾಗಿರುವವಳು ಮೋಸ ಹೋಗುವಷ್ಟು ಹತ್ತಿರವಿದೆ. ಅಷ್ಟು ಸಾಕು," ಎಂದರು ಕಾಂತೋಕು.

ಕೆಳಗಿನವಳು ಮೇಲೆ ಬಂದು ದೂರುವ ಬದಲು ಅಳುತ್ತ ಬಾಗಿಲಲ್ಲಿ ನಿಲ್ಲುವ ಕಥೆ! ತಕ್ಷಣ ಒಪ್ಪಿದೆ.

ಒಪ್ಪಿದ ಮೇಲೆ ಅವರ ಕೆಲಸ ಎಂಥದು ಎಂದು ನೋಡಬೇಕಲ್ಲ. ಅವರ ಹಳೆಯ ಚಿತ್ರವೊಂದು ಟೋಕಿಯೋದ ಒಂದು ಪುಟ್ಟ ಥಿಯೇಟರಿನಲ್ಲಿತ್ತು, ಗಂಡನನ್ನು ಎಳೆದುಕೊಂಡು ಹೋದೆ. ಬೆಟ್ಟದ ಮೇಲಿನ ಒಂದು ಬಡಾವಣೆ, ನೀರಿನ ಟ್ಯಾಂಕರಿಗೆ ಕಾಯುವ ಜನ. ಕ್ಯಾಮೆರಾ ಒಂದು ಕಡೆ ಕೂತರೆ ಏಳುವುದೇ ಇಲ್ಲ. ಹಾಡಿಲ್ಲ, ಹಿನ್ನೆಲೆ ಸಂಗೀತವಿಲ್ಲ. ನನ್ನ ಗಂಡ ಮೊದಲ ಕೊಡ ತುಂಬುವ ಮೊದಲೇ ಗೊರಕೆ. ನನಗೂ ಶುರುವಿಗೆ, ಇದೇನಪ್ಪ, ನಮ್ಮೂರ ನಳದ ಮುಂದಿನ ಸರದಿಯನ್ನು ದುಡ್ಡು ಕೊಟ್ಟು ನೋಡುವ ಗ್ರಹಚಾರ ಎನ್ನಿಸಿತು. ಆಮೇಲೆ ಟ್ಯಾಂಕರ್ ಬಂತು. ಒಬ್ಬಳು ಹೆಂಗಸು ಕೊಡ ಹಿಡಿದಿದ್ದಾಳೆ, ಪರದೆಯ ಮೇಲೆ ಬರೀ ಅವಳ ಮುಖ. ನೀರು ಬೀಳುವ ಸದ್ದು ಮಾತ್ರ. ಆ ಸದ್ದು ಕೊಡದೊಳಗೆ ಏರುತ್ತ ಏರುತ್ತ ಸಣ್ಣಗಾಗುತ್ತಿದ್ದ ಹಾಗೆ ನಾನು ಕುರ್ಚಿಯ ತುದಿಗೆ ಬಂದು "ತುಂಬಿತು, ತುಂಬಿತು, ತೆಗಿ!" ಎಂದುಬಿಟ್ಟೆ. ಅದೇ ಕ್ಷಣ ಅವಳೂ ಕೊಡ ತೆಗೆದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ನನ್ನ ಮೈಯೆಲ್ಲ ಕಿವಿಯಾಗಿತ್ತು. ಈಕೆ ಕಣ್ಣಿಗೆ ತೋರಿಸುವುದಕ್ಕಿಂತ ಹೆಚ್ಚಾಗಿ ಕಿವಿಗೆ ಸಿನಿಮಾ ಮಾಡುತ್ತಾರೆ ಎಂದು ಅಲ್ಲಿ ಅರ್ಥವಾಯಿತು.

ಅವರ ಕೆಲಸದ ರೀತಿಯನ್ನು ದುಭಾಷಿ ಹುಡುಗಿ ಮೊದಲೇ ಬಿಡಿಸಿ ಹೇಳಿದ್ದಳು. ಇಡೀ ದೃಶ್ಯವನ್ನು ಕತ್ತರಿಸದೆ ಒಂದೇ ಸಲಕ್ಕೆ ತೆಗೆಯುತ್ತಾರೆ. ಮಾತು ಬರೆದು ಕೊಡುವುದಿಲ್ಲ. ಮುಗಿದಾಗ ಕಟ್ ಎನ್ನುವುದಿಲ್ಲ, "ಗ್ರಾಸಿಯಾಸ್" ಎನ್ನುತ್ತಾರೆ, ಧನ್ಯವಾದ ಎಂದು. ಸರಿ ಬರದಿದ್ದರೆ ಏನೂ ಹೇಳದೆ ಹೆಡ್‌ಫೋನು ಕೆಳಗಿಳಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಹಟ, ಆ ಜಾಗದಲ್ಲಿ ಆ ಹೊತ್ತಿನಲ್ಲಿ ಕೇಳದ ಯಾವ ಸದ್ದನ್ನೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದಿಲ್ಲ. ಕೆಳಗಿನ ಮನೆಯಲ್ಲಿಟ್ಟ ಮೈಕಿಗೆ ನನ್ನ ರೊಟ್ಟಿಯ ಸದ್ದು ಚಾವಣಿಯಿಂದ ಇಳಿದು ಬರಬೇಕು. ಬಂದರೆ ದೃಶ್ಯವಿದೆ, ಬರದಿದ್ದರೆ ದೃಶ್ಯವೇ ಇಲ್ಲ. ನಾನೂ ಇಲ್ಲ.

ಶೂಟಿಂಗ್ ನಮ್ಮ ಮನೆಯಿಂದ ಸೈಕಲ್ ದೂರದ ಒಂದು ಹಳೆಯ ಕಟ್ಟಡದಲ್ಲಿ. ಮುಂದಿನ ವಾರ ಕೆಡವುವುದಿತ್ತು, ಒಳಗೆ ಒಂದು ನರಪಿಳ್ಳೆಯಿಲ್ಲ. ಆ ಒಂದು ಶನಿವಾರಕ್ಕೆ ಮಾತ್ರ ಅನುಮತಿ. ಅದೂ ಸಂಜೆ ಐದರವರೆಗೆ, ಏಕೆಂದರೆ ಐದಕ್ಕೆ ಊರಿನ ಧ್ವನಿವರ್ಧಕಗಳಲ್ಲಿ ಮಕ್ಕಳು ಮನೆಗೆ ಹೋಗಲಿ ಎಂದು ರಾಗ ಹಾಕುತ್ತಾರೆ. ಆ ರಾಗದ ಹೊತ್ತಿಗೆ ಕಿಟಕಿಯ ಬೆಳಕೂ ಹೋಗಿರುತ್ತದೆ. ಮಣೆ, ಹಂಚು, ಹಿಟ್ಟು ಹೊರುವುದಕ್ಕೆ ಗಂಡನನ್ನು ಕರೆದುಕೊಂಡು ಹೋದೆ. ಅವರು ದಾರಿಯುದ್ದಕ್ಕೂ "ಮೇಡಂ, ಕ್ಯಾರವಾನ್ ಎಲ್ಲಿ? ಜ್ಯೂಸ್ ಎಲ್ಲಿ?" ಎಂದು ಕಾಡಿದರು.

ಮಧ್ಯಾಹ್ನ ಮೊದಲ ಟೇಕ್. ನಾನು ಮೇಲಿನ ಮನೆಯ ನೆಲದ ಮೇಲೆ ಕೂತೆ. ಕೆಳಗಿನ ಮನೆಯಲ್ಲಿ ಮೆಕ್ಸಿಕೋದ ನಟಿ, ಕ್ಯಾಮೆರಾ, ಮೈಕು, ಕಾಂತೋಕು. ನನ್ನ ಬಾಗಿಲಲ್ಲಿ ನಿಂತ ದುಭಾಷಿ ಹುಡುಗಿ ಕೈ ಮಾಡಿದಳು, ನಾನು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅವಳು ತಲೆ ಒಳಗೆ ಹಾಕಿ, "ಓಕುಸಾನ್, ದಯವಿಟ್ಟು ಶುರು ಮಾಡಿ," ಎಂದಳು. ಓಕುಸಾನ್ ಎಂದರೆ ಅಮ್ಮಾವ್ರೇ ಎಂದ ಹಾಗೆ.

"ಶುರುನಾ? ಎರಡನೇ ರೊಟ್ಟಿ ಹಂಚಿನ ಮೇಲಿದೆ!"

ಅವಳ ಕಣ್ಣು ನನ್ನ ಮಣೆಯ ಕೆಳಗೆ ಹೋಯಿತು. ನನ್ನದೂ ಹೋಯಿತು. ನಾಲ್ಕು ಮಡಿಕೆಯ ಟವೆಲ್. ಮನೆಯಿಂದ ಮಣೆ ತಂದವಳು ಟವೆಲನ್ನೂ ತಂದು, ತಿಳಿಯದೇ ಹಾಸಿಕೊಂಡು ಕೂತಿದ್ದೆ. ಸದ್ದು ಬೇಕೆಂದು ಕರೆದ ಸಿನಿಮಾಕ್ಕೆ ಸದ್ದಡಗಿಸುವ ಟವೆಲ್ ಹೊತ್ತು ಬಂದ ಮೊದಲ ಕಲಾವಿದೆ ನಾನೇ ಇರಬೇಕು. ನನ್ನ ಗಂಡ ಗೋಡೆಯ ಕಡೆ ತಿರುಗಿ ನಕ್ಕರು.

ಟವೆಲ್ ತೆಗೆದೆವು. ಎರಡನೆಯ ಟೇಕ್. ಕೆಳಗಿನಿಂದ ಮತ್ತೆ ಸಂದೇಶ, ಏನೂ ಕೇಳಿಸುತ್ತಿಲ್ಲ. ನೋಡಿಕೊಂಡರೆ ನನ್ನ ಕೈ ಬೆಕ್ಕಿನ ಪಾದದ ಹಾಗೆ ಬೀಳುತ್ತಿದೆ. ಬಡಿ ಎಂದರೂ ಬಡಿಯುತ್ತಿಲ್ಲ. ಮೂರನೆಯ ಸಲ ರೋಷ ಬಂದು ಎತ್ತಿ ಹಾಕಿದೆ. ಸದ್ದೇನೋ ಬಂತು, ರೊಟ್ಟಿ ನಡುವೆ ಹರಿದು ಹೋಯಿತು. ಇನ್ನೊಂದು, ಅದೂ ಹರಿಯಿತು. ಬಲ ಇದೆ, ಲಯ ಇಲ್ಲ. ಕಾಂತೋಕು ಮೆಟ್ಟಿಲು ಹತ್ತಿ ಬಂದರು. ಹೆಡ್‌ಫೋನು ಕೆಳಗಿಳಿದಿತ್ತು. ಅವರೇನೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತಿತ್ತು.

ನನಗೆ ಅಳು ಬಂತು. ಈ ದೇಶದಲ್ಲಿ ಮೊದಲ ಬಾರಿಗೆ ಯಾರೋ ನನ್ನ ಸಪ್ಪಳ ಬೇಕು ಎಂದು ಕೇಳಿಕೊಂಡು ಬಂದಿದ್ದಾರೆ, ಅದು ನನ್ನ ಕೈಯಿಂದ ಹೊರಡುತ್ತಿಲ್ಲ. ಇವತ್ತು ಹೊರಡದಿದ್ದರೆ ಇನ್ನು ಎಂದೂ ಹೊರಡುವುದಿಲ್ಲ ಎಂದು ಹೆದರಿಕೆಯಾಯಿತು.

ಕಾಂತೋಕು ನನ್ನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, "ನಿಮ್ಮ ಊರಿನಲ್ಲಿ ಇದನ್ನು ಹೇಗೆ ಮಾಡುತ್ತಾರೆ, ಮೊದಲಿನಿಂದ ಹೇಳಿ," ಎಂದರು. ನಾನು ಹೇಳತೊಡಗಿದೆ. ಅವ್ವ ಇಲ್ಲಿ, ಚಿಗವ್ವ ಅಲ್ಲಿ, ಪಕ್ಕದ ಮನೆಯಾಕೆ ಬಾಗಿಲ ಹತ್ತಿರ. ಒಬ್ಬರು ಸುದ್ದಿ ತೆಗೆಯುತ್ತಾರೆ, ಇನ್ನೊಬ್ಬರು ಅದಕ್ಕೆ ಉಪ್ಪು ಖಾರ ಹಚ್ಚುತ್ತಾರೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಅಲ್ಲಿ ಯಾರಾದರೂ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದದ್ದನ್ನು ನಾನು ನೋಡಿಯೇ ಇಲ್ಲ. ಮಾತು ಜೋರಾದರೆ ಕೈ ಜೋರು, ಜಗಳ ಬಂದರೆ ರೊಟ್ಟಿ ಇನ್ನೂ ತೆಳ್ಳಗೆ. ಕೈಗೆ ಲಯ ಕೊಡುತ್ತಿದ್ದುದು ಬಾಯಿ. ನಾನು ಬರೀ ಟವೆಲ್ ತೆಗೆದಿದ್ದೆ, ಬಾಯಿ ಇನ್ನೂ ಕಟ್ಟಿಯೇ ಇತ್ತು.

"ನನಗೆ ಮಾತಾಡಲು ಒಬ್ಬರು ಬೇಕು," ಎಂದೆ.

ದುಭಾಷಿ ಹುಡುಗಿ ಹೇಳಿ ಮುಗಿಸುವ ಮೊದಲೇ ಕಾಂತೋಕುವಿನ ಕಣ್ಣು ಮೂಲೆಯಲ್ಲಿ ಹಿಟ್ಟಿನ ಚೀಲ ಹಿಡಿದು ನಿಂತಿದ್ದ ನನ್ನ ಗಂಡನ ಮೇಲೆ ಬಿತ್ತು.

"ಅಯ್ಯೋ, ನಾನಾ? ನೋ ನೋ. ಐ ಆಮ್ ಓನ್ಲಿ ಲಗೇಜ್!" ಎಂದರು ಅವರು. ಯಾರೂ ಕೇಳಲಿಲ್ಲ. ನನ್ನ ಎದುರಿಗೆ ಕೂರಿಸಿದರು. ಅವರು ಸುಮ್ಮನೆ ಕೂತು ಕೇಳಬೇಕು, ಅಷ್ಟೇ ಪಾತ್ರ. ಅದರಲ್ಲಿ ಅವರಿಗೆ ಮದುವೆಯಾದಂದಿನಿಂದ ಅನುಭವವಿದೆ.

ಐದಕ್ಕೆ ಸ್ವಲ್ಪವೇ ಉಳಿದಿತ್ತು. ಇನ್ನೊಂದು ಟೇಕಿಗೆ ಮಾತ್ರ ವೇಳೆ. ಕೆಳಗೆ ಎಲ್ಲರೂ ತಂತಮ್ಮ ಜಾಗ ಸೇರಿದರು. ಹುಡುಗಿ ಕೈ ಮಾಡಿ, ಬಾಗಿಲೆಳೆದುಕೊಂಡು ಮರೆಯಾದಳು. ನಾನು ಮಣೆಗೆ ಹಿಟ್ಟು ಉದುರಿಸಿ, ಉಂಡೆ ಇಟ್ಟು, ಗಂಡನ ಮುಖ ನೋಡಿದೆ. ಏನು ಮಾತಾಡಲಿ ಎಂದು ಯೋಚಿಸಿರಲಿಲ್ಲ. ಬಾಯಿ ತಾನೇ ತೆರೆಯಿತು, ಅದೂ ನಮ್ಮೂರ ಬಾಯಿ.

"ಆ ಟವೆಲ್ ನನ್ನ ಮಣಿ ಬುಡಕ ಇಟ್ಟಾವ್ರು ಯಾರು? ನೀವ! ನನಗೊಂದು ಮಾತು ಕೇಳಿದ್ರೇನು? ಕೆಳಗ ಹೋಗಿ ಸುಮಿಮಾಸೆನ್ ಅಂತ ನಡಾ ಬಗ್ಗಿಸಿ ಬಂದ್ರಿ. ನಾ ಏನ್ ಕಳವು ಮಾಡಾಕತ್ತಿದ್ನೇನು? ರೊಟ್ಟಿ ಬಡಿಯಾಕತ್ತಿದ್ದೆ, ರೊಟ್ಟಿ!"

ಟಪ್, ಟಪ್, ಟಪ್. ಕೈ ಎದ್ದಿತು. ಮಣೆ ನೆಲಕ್ಕೆ ಉತ್ತರ ಕೊಟ್ಟಿತು.

"ಬೆಳಗಾದ್ರ ನೀವು ಆಫೀಸಿಗೆ, ಮಗಳು ಸಾಲಿಗೆ. ನಾ ಯಾರ ಕೂಡ ಮಾತಾಡ್ಲಿ? ಫ್ರಿಜ್ಜಿನ ಕೂಡನಾ? ಈ ಊರಾಗ ದಿನಾ ನನ್ನ ಮಾತಾಡ್ಸೋದು ಆ ಸ್ನಾನದ ಮಷೀನ್ ಒಂದ! ನೀರು ಕಾದಾವು ಅಂತ ಅದರ ಹೇಳ್ತದ. ನೀವು ಬಂದು ಏನ್ ಹೇಳ್ತೀರಿ? ಟಯರ್ಡ್ ಅಂತೀರಿ, ಮಲಗ್ತೀರಿ!"

ರೊಟ್ಟಿ ಮಣೆಯ ಮೇಲೆ ತಿರುಗುತ್ತ ಅಗಲವಾಯಿತು. ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಇನ್ನೊಂದು ಉಂಡೆ ಎತ್ತಿಕೊಂಡೆ. ಸಪ್ಪಳ ಖಾಲಿ ಕಟ್ಟಡದ ತುಂಬ ಓಡಾಡುತ್ತಿತ್ತು. ಕ್ಯಾಮೆರಾ, ಮೈಕು ಒಂದೂ ನೆನಪಿರಲಿಲ್ಲ. ಎದುರಿಗೆ ನನ್ನ ಗಂಡ ಇದ್ದರು, ಅವರು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರು. ಮಾತಾಡಬೇಡಿ ಎಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ಆದರೂ ನಾನು ಉಸಿರಿಗೆ ನಿಂತಾಗ ಮೆಲ್ಲಗೆ ಹೇಳಿದರು.

"ನಿನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ. ತಪ್ಪಾಯ್ತು."

ಅವರು ಇನ್ನೂ ಮೆಲ್ಲಗೆ, "ರೊಟ್ಟಿ ಸೀದು ಹೋಗ್ತಿದೆ," ಎಂದರು.

ಆಗ ಬಾಗಿಲು ತಟ್ಟಿದ ಸದ್ದು.

ಸಿನಿಮಾದ ನೆರೆಯವಳು ಹೇಗೆ ಬಾಗಿಲು ತೆಗೆಯಬೇಕು ಎಂದು ನಾನು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಅದೆಲ್ಲ ಮರೆತು ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದೆ. ಆ ನಟಿ ನಿಂತಿದ್ದರು, ಬೆನ್ನಿಗೆ ಕ್ಯಾಮೆರಾ, ಕಣ್ಣಲ್ಲಿ ನೀರು. ಅದು ನಟನೆಯೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. "ಬಾರವ್ವ, ಒಳಗ ಬಾ," ಎಂದು ಕೈ ಹಿಡಿದು ತಂದು ಕೂರಿಸಿದೆ. ಅವರು ಒಂದು ಉಂಡೆ ತೆಗೆದುಕೊಂಡು ಎರಡು ಅಂಗೈಗಳ ನಡುವೆ ತಟ್ಟತೊಡಗಿದರು, ಅವರ ದೇಶದ ಹಾಗೆ. ಜೋಳದ ಹಿಟ್ಟು ಆ ಆಟಕ್ಕೆ ಒಗ್ಗದು, ಚೂರಾಗಿ ಮಡಿಲಿಗೆ ಉದುರಿತು. ಮೂವರೂ ನಕ್ಕೆವು. ಸೀದದ್ದನ್ನು ಗಂಡನ ತಟ್ಟೆಗೆ ಹಾಕಿ, ಹೊಸದಾಗಿ ಉಬ್ಬಿದ್ದನ್ನು ಅವರ ಕೈಗಿಟ್ಟೆ. ಅವರು ಮುರಿದು ಬಾಯಿಗಿಟ್ಟುಕೊಂಡರು.

"ಗ್ರಾಸಿಯಾಸ್."

ಕಾಂತೋಕು ಬಾಗಿಲಲ್ಲಿದ್ದರು. ಅವರ ಮಾತು ಮುಗಿಯುತ್ತಲೇ ಹೊರಗೆ ಧ್ವನಿವರ್ಧಕದಲ್ಲಿ ಐದರ ರಾಗ ಶುರುವಾಯಿತು. ಕೆಳಗಿನ ಮನೆಯಿಂದ ಕೂಗು, ಚಪ್ಪಾಳೆ, ಮೆಟ್ಟಿಲ ಮೇಲೆ ಓಡಿ ಬರುವ ಕಾಲು. ಮೈಕಿನವರು, ಸದಾ ಗಂಭೀರ ಮುಖದ ಜಪಾನಿ, ನನ್ನ ಮುಂದೆ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ, ಚಾವಣಿಯಿಂದ ಮಳೆ ಬಿದ್ದಂತೆ ಬಂತು ಎಂದರು. ನಾನೂ ಬಗ್ಗಿದೆ. ನಮ್ಮವರು ಸೀದ ರೊಟ್ಟಿಯನ್ನು ಚಕಾರವೆತ್ತದೆ ಪೂರ್ತಿ ತಿಂದರು.

ಸಿನಿಮಾ ಮುಗಿದು ಮೆಕ್ಸಿಕೋದ ಥಿಯೇಟರುಗಳಲ್ಲಿ ಓಡಿದ ಮೇಲೆ ಟೋಕಿಯೋದ ಮೊದಲ ಪ್ರದರ್ಶನಕ್ಕೆ ನಮಗೆ ಕರೆ ಬಂತು. ಉರಯಾಸುವಿನ ಕನ್ನಡದವರೆಲ್ಲ ಒಂದು ಸಾಲು ಹಿಡಿದು ಕೂತೆವು. ನನಗೆ ಒಂದೇ ಆತಂಕ. ನಾನು ಗಂಡನನ್ನು ಬೈದದ್ದು ಅಷ್ಟೂ ಜಪಾನಿ ಅಕ್ಷರದಲ್ಲಿ ಕೆಳಗೆ ಬಂದರೆ ಅವರ ಆಫೀಸಿನವರೆಲ್ಲ ಓದುತ್ತಾರಲ್ಲ! ಆದರೆ ಕಾಂತೋಕು ಕನ್ನಡಕ್ಕೆ ಅನುವಾದವನ್ನೇ ಹಾಕಿರಲಿಲ್ಲ. ಮೆಟ್ಟಿಲು ಹತ್ತುವ ಆ ಹೆಂಗಸಿಗೆ ಅರ್ಥವಾಗದ್ದು ನೋಡುವವರಿಗೂ ಅರ್ಥವಾಗಬೇಕಿಲ್ಲ ಎಂಬುದು ಅವರ ನಿಲುವು.

ಪರದೆಯ ಮೇಲೆ ಆ ನಟಿಯ ಮುಖ. ಬಹಳ ಹೊತ್ತು ಮೌನ. ಆಮೇಲೆ ಮೇಲಿನಿಂದ, ನಿಜಕ್ಕೂ ಥಿಯೇಟರಿನ ಚಾವಣಿಯಿಂದಲೇ ಎನ್ನುವ ಹಾಗೆ, ಟಪ್, ಟಪ್, ಟಪ್. ಅಷ್ಟು ದೊಡ್ಡ ಸಭಾಂಗಣ ಉಸಿರು ಹಿಡಿದು ನನ್ನ ಕೈಯನ್ನು ಕೇಳಿತು. ಅವ್ವ, ಚಿಗವ್ವ, ಪಕ್ಕದ ಮನೆಯಾಕೆ ಎಲ್ಲರ ಮಣೆಯೂ ಆ ಚಾವಣಿಯ ಮೇಲಿತ್ತು. ಬಾಗಿಲು ಹತ್ತಿರವಾದಂತೆ ಮಾತು ಕೇಳಿಸಿತು. "ಫ್ರಿಜ್ಜಿನ ಕೂಡನಾ?" ಎಂದದ್ದೇ ತಡ, ನಮ್ಮ ಸಾಲಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಸಭಾಂಗಣ ನಮ್ಮತ್ತ ತಿರುಗಿತು. ಸ್ನಾನದ ಮಷೀನಿನ ಮಾತು ಬಂದಾಗ ಗೆಳತಿಯೊಬ್ಬಳು ನಗುತ್ತ ನಗುತ್ತ ಅತ್ತಳು. ಮಗಳು ನನ್ನ ಕೈ ಹಿಡಿದು, ಅವಳಿಗೆ ಬರುವಷ್ಟು ಕನ್ನಡದಲ್ಲಿ, "ಅಮ್ಮಾ, ಸಖತ್ ಬೈದಿದ್ದೀಯ," ಎಂದಳು. ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ನಿಂತೆ, ಮುಖ ಮುಚ್ಚಿಕೊಳ್ಳಲಿಲ್ಲ, ಬೇಡ ಬೇಡ ಎನ್ನಲಿಲ್ಲ. ಚಪ್ಪಾಳೆಯನ್ನು ಪೂರ್ತಿ ತೆಗೆದುಕೊಂಡೆ.

ಹೊರಗೆ ಒಬ್ಬ ಜಪಾನಿ ಹಿರಿಯರು ನನ್ನ ಗಂಡನ ಬಳಿ ಬಂದು, "ನಿಮ್ಮ ಶ್ರೀಮತಿಯವರು ರೊಟ್ಟಿ ಮಾಡುತ್ತ ಹಾಡಿದ್ದು ಸಾಂಪ್ರದಾಯಿಕ ಹಾಡೇ?" ಎಂದು ಕೇಳಿದರು.

"ಹೌದು," ಎಂದರು ನಮ್ಮವರು ಬಹಳ ಗಂಭೀರವಾಗಿ. "ತುಂಬಾ ಹಳೆಯದು. ನಮ್ಮ ಮನೆಯಲ್ಲಿ ದಿನಾ ಹಾಡುತ್ತಾರೆ."

ಮಾರನೆಯ ದಿನ ಒಂದು ಹೊಸ ಟವೆಲ್ ಕೊಂಡು, ಗುಲಾಬಿ ಕಾಗದ ಸುತ್ತಿಸಿ, ನಾನೊಬ್ಬಳೇ ಕೆಳಗಿನ ಮನೆಯ ಅಜ್ಜಿಯ ಬಾಗಿಲಿಗೆ ಹೋದೆ. ಇವತ್ತಿನಿಂದ ಸಂಜೆ ಆರಕ್ಕೆ ನಮ್ಮ ಮನೆಯಿಂದ ಸದ್ದು ಬರುತ್ತದೆ, ಸಹಿಸಿಕೊಳ್ಳಬೇಕು ಎಂದು ನೇರವಾಗಿ ಹೇಳಿದೆ. ಅಜ್ಜಿ ಟವೆಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಮತ್ತೆ ವ್ಯಾಯಾಮ ಶುರು ಮಾಡಿದಿರಾ? ಒಳ್ಳೆಯದಾಯಿತು. ಬಿಟ್ಟ ಮೇಲೆ ನೀವು ಸ್ವಲ್ಪ ದಪ್ಪಗಾದಿರಿ ಎಂದುಕೊಂಡಿದ್ದೆ," ಎಂದರು.

ಅಂದರೆ ದೂರು ಕೊಟ್ಟವರು ಇವರಲ್ಲ! ಯಾರೋ ಇವತ್ತಿಗೂ ಗೊತ್ತಿಲ್ಲ. ದೂರಿದವರೇ ಬಂದು ಹೇಳಲಿ, ಅವರಿಗೂ ಒಂದು ಟವೆಲ್ ಕೊಡುತ್ತೇನೆ.

ಸಂಜೆ ಮಣೆಯ ಕೆಳಗಿನ ಹಳೆಯ ಟವೆಲ್ ತೆಗೆದು ನೆಲ ಒರೆಸಿದೆ. ಒಲೆ ಹಚ್ಚಿ, ಹಿಟ್ಟು ನಾದಿ, ಉಂಡೆ ಕಟ್ಟಿದೆ. ನನ್ನ ಗಂಡ ಆಫೀಸಿನಿಂದ ಎಂದಿಗಿಂತ ಬೇಗ ಬಂದಿದ್ದರು. ಟೈ ಬಿಚ್ಚಿ, ಫೋನು ಆ ಕಡೆ ಇಟ್ಟು, ಯಾರೂ ಕರೆಯದೆಯೇ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತರು.

"ಹೂಂ, ಶುರು ಮಾಡು," ಎಂದರು. "ಇವತ್ತು ಯಾರನ್ನ ಬೈಬೇಕು?"